ಟೀಚರಮ್ಮ ವಾಪಸ್ ಕೇಳಿದ ಸಹಿ

೨೦೧೧ರ ಅಕ್ಟೋಬರ್ ೧೮, ಮಂಗಳವಾರ. ಬೆಳಿಗ್ಗೆ ೮.೫೦ಕ್ಕೆ ಟಾರ್ಬೆಲ್ ಕೌಂಟಿಯ ಶೆರಿಫ್ ಠಾಣೆಗೆ ಫೋನ್ ಬಂತು.

“ಯಾರು ಮಾತಾಡ್ತಿರೋದು?”

“ಐಡೆಲ್ ವೂಟನ್. ವರ್ಲೀನ್ ಮನೆಯಿಂದ. ಬೇಗ ಬನ್ನಿ. ಅಡುಗೆಮನೇಲಿ ಬಿದ್ದಿದ್ದಾಳೆ, ನೆಲ ಎಲ್ಲ ರಕ್ತ.”

“ಉಸಿರಾಡ್ತಿದ್ದಾರಾ?”

“ಇಲ್ಲ ಕಣಪ್ಪ. ತಣ್ಣಗಾಗಿದ್ದಾಳೆ.”

ಪಕ್ಕದ ಮೇಜಿನಲ್ಲಿ ಹಂದಿಮಾಂಸ ತುಂಬಿದ ಬನ್ನು ಕಚ್ಚುತ್ತಿದ್ದ ತನಿಖಾಧಿಕಾರಿ ಆಲ್ಟನ್ ಪಿಟ್‌ಮನ್ ಅದನ್ನು ಅಲ್ಲೇ ಬಿಟ್ಟು ಎದ್ದ. ವರ್ಲೀನ್ ಸ್ಟ್ಯಾಲಿಂಗ್ಸ್ ಎಂದರೆ ನಲವತ್ತು ವರ್ಷ ನಾಲ್ಕನೇ ತರಗತಿಗೆ ಪಾಠ ಹೇಳಿದ ಟೀಚರಮ್ಮ; ಅರ್ಧ ಊರು ಆಕೆಯ ಕೈಯಲ್ಲಿ ಅಕ್ಷರ ತಿದ್ದಿದೆ, ಆಲ್ಟನ್ ಕೂಡ. ಕಳ್ಳನಾಗಿರಲಿ ದೇವರೇ, ಯಾವನೋ ದಾರಿಹೋಕನಾಗಿರಲಿ, ಐಡೆಲ್‌ಳ ಮಗ ಗಾರ್ಲೆಂಡ್ ಒಬ್ಬನಾಗದಿರಲಿ ಎಂದುಕೊಳ್ಳುತ್ತ ಅವನು ಕಾರಿನತ್ತ ಓಡಿದ.

ಅವನು ಹಾಗೆ ಹೆದರಲು ಕಾರಣವಿತ್ತು. ಅಮೆರಿಕದ ಉತ್ತರ ಕ್ಯಾರೊಲೈನಾದಲ್ಲಿ ಪಿಸ್ತೂಲು ಕೊಳ್ಳಬೇಕಾದವನು ಮೊದಲು ತನ್ನ ಕೌಂಟಿಯ, ಅಂದರೆ ಜಿಲ್ಲೆಯ, ಪೊಲೀಸ್ ಮುಖ್ಯಸ್ಥನಾದ ಶೆರಿಫನಿಂದ ಪರವಾನಗಿ ಚೀಟಿ ತರಬೇಕು. ಒಂದು ಚೀಟಿಗೆ ಒಂದು ಪಿಸ್ತೂಲು, ವಾಯಿದೆ ಐದು ವರ್ಷ. ಟಾರ್ಬೆಲ್‌ನಲ್ಲಿ ಅದರ ಜತೆಗೆ ‘ಈತ ಒಳ್ಳೆಯ ನಡತೆಯವನು’ ಎಂದು ಊರಿನ ಇಬ್ಬರು ಬರೆದು ಸಹಿ ಹಾಕಬೇಕು. ಆ ಸಹಿಯನ್ನು ಯಾರು ತೂಕದಿಂದ ನೋಡುತ್ತಿದ್ದರು? ಭಾನುವಾರ ಚರ್ಚು ಬಿಟ್ಟ ಮೇಲೆ, ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು, ಊಟಕ್ಕೆ ಹೊತ್ತಾಯಿತೆಂದು ಗೀಚಿ ಕೊಡುವುದು ಅಲ್ಲಿನ ರೂಢಿ. ಕೇಳಿದವನಿಗೆ ಇಲ್ಲ ಎಂದರೆ ಅದೇ ದೊಡ್ಡ ಅವಮರ್ಯಾದೆ. ಜೂನ್ ತಿಂಗಳಲ್ಲಿ ಗಾರ್ಲೆಂಡ್ ವೂಟನ್‌ಗೆ ಹಾಗೆ ಬರೆದುಕೊಟ್ಟವರು ಇಬ್ಬರು. ಒಬ್ಬರು ಟೀಚರಮ್ಮ, ಇನ್ನೊಬ್ಬ ಆಲ್ಟನ್.

ಅಕ್ಟೋಬರ್ ೧೧ರಂದು ಟೀಚರಮ್ಮ ಠಾಣೆಗೆ ಬಂದು ಪರವಾನಗಿ ವಿಭಾಗದ ಟ್ವೈಲಾಳ ಎದುರು ನಿಂತಿದ್ದರು.

“ಗಾರ್ಲೆಂಡ್ ತಾಯಿ ಮಣಿಕಟ್ಟು ಮುರಿದಿದ್ದಾನೆ. ಐಡೆಲ್ ಮೆಟ್ಟಿಲಿಂದ ಬಿದ್ದೆ ಅಂತಾಳೆ. ಮೂರು ಸಲ ಬೀಳೋಕೆ ಅವಳ ಮನೇಲಿ ಇರೋದೇ ಎರಡು ಮೆಟ್ಟಿಲು. ನನ್ನ ಸಹಿ ನನಗೆ ವಾಪಸ್ ಬೇಕು.”

ಟ್ವೈಲಾ ಕಾಗದವನ್ನು ಆಲ್ಟನ್‌ಗೆ ತೋರಿಸಿದ್ದಳು. “ಇನ್ನೊಂದು ಸಹಿ ನಿಂದು. ನೀನೂ ವಾಪಸ್ ತಗೋತೀಯಾ?”

“ಬಿಡೇ, ಗಾರ್ಲೆಂಡ್ ನನ್ನ ಜತೆ ಚೆಂಡಾಡ್ಕೊಂಡು ಬೆಳೆದವನು. ಒಂದು ಸಹಿ ಹೋಯ್ತಲ್ಲ, ಚೀಟಿ ಹೇಗೂ ರದ್ದು. ನಾನೇ ಹೋಗಿ ಇಸ್ಕೊಂಡ್ ಬರ್ತೀನಿ.”

ಆರು ದಿನ ಅವನು ಹೋಗಲಿಲ್ಲ. ೧೭ರ ಸಂಜೆ ನಾಲ್ಕಕ್ಕೆ ಕ್ಷೌರದಂಗಡಿಯಲ್ಲಿ ಗಾರ್ಲೆಂಡ್ ತಾನಾಗಿಯೇ ಎದುರಾದ. ಕುರ್ಚಿಯಲ್ಲಿ ಕೂತು, ಮುಖಕ್ಕೆ ನೊರೆ ಬಳಿಸಿಕೊಂಡು, ಆಲ್ಟನ್ ನಾಲಗೆ ಹರಿಯಬಿಟ್ಟ. “ಏನೋ ಗಾರ್ಲೆಂಡ್, ಟೀಚರಮ್ಮ ನಿನಗೆ ಕೊಟ್ಟ ಸಹಿ ವಾಪಸ್ ತಗೊಂಡ್ರಂತಲ್ಲೋ! ನಾಲ್ಕನೇ ಕ್ಲಾಸಲ್ಲೇ ನಿನ್ನ ಫೇಲ್ ಮಾಡಿದ್ರು ಅಂತ ಕಾಣುತ್ತೆ. ಬಿಡುವಾದಾಗ ಆ ಚೀಟಿ ತಂದು ಬಿಸಾಕಿ ಹೋಗು.” ಅಂಗಡಿಯೆಲ್ಲ ನಕ್ಕಿತು. ಗಾರ್ಲೆಂಡ್ ಕೂಡ ನಕ್ಕ.

ಈಗ ೧೮ರ ಬೆಳಿಗ್ಗೆ ೯.೨೦. ಆಲ್ಟನ್ ಮತ್ತು ಡೆಪ್ಯುಟಿ ರೇನೆಟ್ ಬೆಸ್ಟ್ ಸ್ಥಳ ಮಹಜರು ಶುರು ಮಾಡಿದರು. ಟೀಚರಮ್ಮ ಹಿತ್ತಲ ಬಾಗಿಲಿನ ಒಳಗೆ ಅಂಗಾತ ಬಿದ್ದಿದ್ದರು. ಒಲೆಯ ಮೇಲೆ ಜೋಳದ ಗಂಜಿ ತಳ ಹತ್ತಿತ್ತು. ಬಾಗಿಲ ಹೊರಗೆ ಒಂಬತ್ತು ಮಿಲಿಮೀಟರಿನ ಮೂರು ಖಾಲಿ ಕಾಡತೂಸು. ಕೈಚೀಲ ಮೇಜಿನ ಮೇಲೆ ಬಾಯಿ ತೆರೆದುಕೊಂಡೇ ಇತ್ತು, ಯಾರೂ ಮುಟ್ಟಿರಲಿಲ್ಲ. ಕಳ್ಳನಿರಬಹುದೆಂಬ ಆಲ್ಟನ್‌ನ ಆಸೆ ಅಲ್ಲಿಗೆ ಮುಗಿಯಿತು.

ಶವ ಪರೀಕ್ಷೆಯ ವೈದ್ಯ ಮಂಡಿಯೂರಿ ನೋಡಿ ಹೇಳಿದ, “ಮೊದಲ ಗುಂಡು ಬಲಗೈ ಅಂಗೈಗೆ. ಹತ್ತಿರದಿಂದ. ಆಮೇಲೆ ಎರಡು ಎದೆಗೆ.”

“ಅಡ್ಡ ಹಿಡಿದಿದ್ದಾರಾ ಕೈನ?” ರೇನೆಟ್ ಕೇಳಿದಳು.

“ಇಲ್ಲ. ಕೈ ಚಾಚಿದ್ರು. ಏನೋ ಕೇಳೋ ಹಾಗೆ.”

ಐಡೆಲ್ ಮುಂಬಾಗಿಲ ಜಗುಲಿಯಲ್ಲಿ ಕೂತಿದ್ದಳು. ಎಪ್ಪತ್ತರ ಮುದುಕಿ, ಎಡಗೈಗೆ ಪ್ಲಾಸ್ಟರ್.

“ಯಾಕೆ ಬಂದಿದ್ರಿ ಐಡೆಲಮ್ಮ?” ಆಲ್ಟನ್ ಕೇಳಿದ.

“ಮಂಗಳವಾರ ಇಬ್ರೂ ಕೌದಿ ಹೊಲೀತೀವಿ. ಈ ಕೈಲಿ ನಾನು ಏನು ಹೊಲೀಲಿ, ಅವಳು ಹೊಲಿಯೋಳು, ನಾನು ದಾರ ಹಿಡಿಯೋಳು.”

“ಗಾರ್ಲೆಂಡ್ ಎಲ್ಲಿ?”

“ಮಲಗಿದ್ದ.”

“ಎಷ್ಟು ಗಂಟೇಲಿ ನೋಡಿದ್ರಿ?”

ಅವಳು ಪ್ಲಾಸ್ಟರನ್ನು ನೇವರಿಸಿಕೊಂಡಳು. “ಮಲಗಿದ್ದ ಅಂದೆನಲ್ಲ.”

“ಅವನ ಗಾಡಿ ಮನೆ ಮುಂದಿತ್ತಾ?” ಎಂದಳು ರೇನೆಟ್.

ಐಡೆಲ್ ಮುಖ ಮುಚ್ಚಿಕೊಂಡು ಅಳತೊಡಗಿದಳು.

೧೦.೪೫ಕ್ಕೆ ಠಾಣೆಗೆ ಮರಳಿ ಆಲ್ಟನ್ ಗಾರ್ಲೆಂಡ್‌ನ ಪರವಾನಗಿ ಕಡತ ತೆಗೆಸಿದ. ರೇನೆಟ್‌ಳನ್ನು ಕಾಫಿ ತರಲು ಕಳಿಸಿದ. ಕಾಫಿ ಯಾರಿಗೂ ಬೇಕಿರಲಿಲ್ಲ. ಕಡತದಲ್ಲಿ ಎರಡು ಕಾಗದ: ಟೀಚರಮ್ಮನ ದುಂಡಗಿನ ಅಕ್ಷರದಲ್ಲಿ ತುಂಬಿದ, ಈಗ ‘ರದ್ದು’ ಎಂದು ಮೊಹರು ಬಿದ್ದ ಒಂದು ಇಡೀ ಪುಟ, ಇನ್ನೊಂದು ಅವನದು. ತನ್ನ ಕಾಗದವನ್ನು ಅವನು ಎರಡಾಗಿ ಮಡಚಿದ, ನಾಲ್ಕಾಗಿ ಮಡಚಿದ. ಇಪ್ಪತ್ತೆರಡು ವರ್ಷದ ನೌಕರಿ, ಇನ್ನು ಮೂರು ವರ್ಷಕ್ಕೆ ಪಿಂಚಣಿ. ಥೂ, ಎಂಥ ಹೊತ್ತಲ್ಲಿ ಎಂಥ ಲೆಕ್ಕ! ಆದರೂ ಕೈ ತಾನಾಗಿಯೇ ಜೇಬಿನ ಕಡೆ ಹೋಯಿತು.

“ಅದು ಅಲ್ಲೇ ಇರಲಿ ಆಲ್ಟನ್,” ಎಂದಳು ಟ್ವೈಲಾ, ತಲೆ ಎತ್ತದೆ. “ಚೀಟಿ ಇಸ್ಕೊಂಡ್ ಬರ್ತೀನಿ ಅಂದಿದ್ದು ನೀನೇ.”

ಅವನು ಕಾಗದ ಬಿಡಿಸಿ, ಅಂಗೈಯಿಂದ ತಿಕ್ಕಿ ನೆಟ್ಟಗೆ ಮಾಡಿ, ಕಡತದಲ್ಲಿಟ್ಟ. ರೇನೆಟ್ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು.

ಪಿಸ್ತೂಲು ಮಾರಿದವನು ಕೊಂಡವನ ಚೀಟಿ ಇಸಿದುಕೊಂಡು ತನ್ನ ಹತ್ತಿರವೇ ಇಟ್ಟುಕೊಳ್ಳಬೇಕು. ಹಾಗಾಗಿ ಹುಡುಕಬೇಕಾದದ್ದು ಚೀಟಿಯನ್ನು. ಕೌಂಟಿಯಲ್ಲಿ ಮಾರುವವರು ಮೂವರೇ. ಮೊದಲಿನವನ ಅಂಗಡಿಯಲ್ಲಿ ಸಿಗಲಿಲ್ಲ. ಎರಡನೆಯವನು ಮಿಲ್ಟ್ ಗ್ರೇಡಿ, ತನ್ನ ಟ್ರ್ಯಾಕ್ಟರ್ ಕೊಟ್ಟಿಗೆಯಲ್ಲಿ ಕೂತು ಹಳೆಯ ಬಂದೂಕು ಮಾರುವ ಮುದುಕ. ೧೨.೧೫ಕ್ಕೆ ಅವನು ಬಿಸ್ಕತ್ತಿನ ಡಬ್ಬ ತೆಗೆದು, ಮೇಲಿನ ಚೀಟಿಯನ್ನೇ ಕೊಟ್ಟ.

“ಗಾರ್ಲೆಂಡ್ ವೂಟನ್. ಯಾವಾಗ ಬಂದಿದ್ದ?”

“ನಿನ್ನೆ ಸಂಜೆ ಐದೂವರೆ.”

ಕ್ಷೌರದಂಗಡಿ ನಾಲ್ಕಕ್ಕೆ, ಇಲ್ಲಿ ಐದೂವರೆಗೆ. ನಾಲ್ಕು ತಿಂಗಳು ಪೆಟ್ಟಿಗೆಯಲ್ಲಿ ತೆಪ್ಪಗೆ ಬಿದ್ದಿದ್ದ ಚೀಟಿಯನ್ನು ಎಬ್ಬಿಸಿ ಕಳಿಸಿದವನು ತಾನೇ ಎಂದು ಆಲ್ಟನ್‌ಗೆ ಈಗ ಲೆಕ್ಕ ಸಿಕ್ಕಿತು.

“ಯಾವ ಪಿಸ್ತೂಲು ಕೇಳಿದ?” ರೇನೆಟ್ ಬರೆದುಕೊಳ್ಳುತ್ತಿದ್ದಳು.

“ಯಾವುದೂ ಕೇಳ್ಲಿಲ್ಲ. ಯಾವುದಾದ್ರೂ ಕೊಡು, ನಾಳೆಯಿಂದ ಈ ಚೀಟಿ ನಡೆಯಲ್ಲ ಅಂದ.”

“ನಡೆಯಲ್ಲ ಅಂತ ಅವನೇ ಹೇಳಿದ ಮೇಲೂ ಕೊಟ್ಟೆಯಲ್ಲೋ ಮುದುಕಪ್ಪ!”

“ನಿನ್ನೆ ನಡೀತಿತ್ತಲ್ಲ ತಾಯಿ? ಶೆರಿಫ್ ಮೊಹರಿದೆ ನೋಡು. ನಿಮ್ಮ ಠಾಣೆಯೋರೇ ಒಳ್ಳೆಯವನು ಅಂತ ಬರೆದುಕೊಟ್ಟ ಮೇಲೆ, ಅಲ್ಲ ಅನ್ನೋಕೆ ನಾನ್ಯಾವ ದೊಡ್ಡ ಮನುಷ್ಯ?”

ರೇನೆಟ್ ಪೆನ್ನು ನಿಲ್ಲಿಸಿ ಆಲ್ಟನ್ ಮುಖ ನೋಡಿದಳು. ಅವನು ಚೀಟಿಯನ್ನು ಲಕೋಟೆಗೆ ಹಾಕಿ ಮೊಹರು ಮಾಡಿದ.

ಮಧ್ಯಾಹ್ನ ೧.೪೦. ಶಾಲಾ ಬಸ್ಸುಗಳ ದುರಸ್ತಿ ಗ್ಯಾರೇಜು. ಗಾರ್ಲೆಂಡ್ ದಿನದಂತೆ ಏಳಕ್ಕೇ ಕೆಲಸಕ್ಕೆ ಬಂದಿದ್ದ. ಹನ್ನೊಂದನೇ ನಂಬರಿನ ಬಸ್ಸಿನ ಕೆಳಗೆ ಮಲಗಿ ಬ್ರೇಕು ಬಿಗಿಯುತ್ತಿದ್ದ. ಬೂಟು ನೋಡಿಯೇ ಗುರುತು ಹಿಡಿದ.

“ಒಂದು ನಿಮಿಷ ಆಲ್ಟನ್. ಈ ಬೋಲ್ಟು ಬಿಗಿದುಬಿಡ್ತೀನಿ, ಮಕ್ಕಳ ಬಸ್ಸು.”

ಅವರು ಕಾದರು. ಅವನು ಜಾರಿಕೊಂಡು ಈಚೆ ಬಂದು, ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡು ಎರಡೂ ಕೈ ಮುಂದೆ ಚಾಚಿದ. ಪಿಸ್ತೂಲು ಅವನ ಊಟದ ಡಬ್ಬಿಯಲ್ಲಿತ್ತು. ರೇನೆಟ್ ಬೇಡಿ ಹಾಕಿ, ಅವನ ಹಕ್ಕುಗಳನ್ನು ಓದಿ ಹೇಳಿದಳು.

೨.೩೦ಕ್ಕೆ ವಿಚಾರಣೆ. ವಕೀಲ ಬೇಡವೆಂದು ಅವನೇ ಬರೆದುಕೊಟ್ಟ.

“ಬೆಳಿಗ್ಗೆ ಎಷ್ಟಕ್ಕೆ ಹೋದೆ?”

“ಆರೂಕಾಲು.”

“ಯಾಕೆ?”

“ಕೇಳೋಕೆ.”

“ಏನು ಕೇಳೋಕೆ?”

ಗಾರ್ಲೆಂಡ್ ಮೇಜು ನೋಡುತ್ತ ಶುರು ಮಾಡಿದ. ಕ್ಲಾಸಿನಲ್ಲಿ ಎದ್ದು ನಿಂತು ಪಾಠ ಒಪ್ಪಿಸುವ ಧ್ವನಿ. “‘ಗಾರ್ಲೆಂಡ್ ನನ್ನ ವಿದ್ಯಾರ್ಥಿ. ಒಂದು ಚಳಿಗಾಲದಲ್ಲಿ ರೆಕ್ಕೆ ಮುರಿದ ಗುಬ್ಬಚ್ಚಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಮೂರು ದಿನ ಶಾಲೆಗೆ ತಂದ. ತನ್ನ ಊಟದ ರೊಟ್ಟಿಯನ್ನು ಅದಕ್ಕೆ ಹಾಕಿದ. ಇವನ ಕೈ ಮೃದು.’ ಜೂನಲ್ಲಿ ಟೀಚರಮ್ಮ ಕಾಗದ ಮಡಚೋಕೆ ಮುಂಚೆ ಓದಿ ಹೇಳಿದ್ರು. ಎರಡು ಸಲ ಓದಿಸ್ಕೊಂಡೆ. ಅಪ್ಪ ಒದೆಯೋನು, ಬಿಟ್ಟುಹೋದ ಹೆಂಡ್ತಿ ನಾಯಿ ಅನ್ನೋಳು. ನನ್ನ ಬಗ್ಗೆ ಹಂಗೆ ಯಾರೂ ಬರೆದಿರ್ಲಿಲ್ಲ ಆಲ್ಟನ್. ಪಿಸ್ತೂಲು ಕೊಳ್ಳೋದೂ ಮರೆತುಹೋಗಿತ್ತು ನನಗೆ. ಆ ಮಾತು ಸಾಕಾಗಿತ್ತು.”

“ಮತ್ತೆ ಇವತ್ತು?”

“ಅದನ್ನೇ ಇನ್ನೊಂದು ಸಲ ಹೇಳಿ ಅಂದೆ. ಆಗಲ್ಲ ಮಗು, ಮೊದಲು ನಿನ್ನ ತಾಯಿ ಕೈ ನೋಡು, ಆಮೇಲೆ ಕೇಳು ಅಂದ್ರು. ಪಿಸ್ತೂಲು ತೋರಿಸಿದೆ. ಹೆದರ್ಲಿಲ್ಲ. ಕ್ಲಾಸಲ್ಲಿ ಕವಣೆ ಕಿತ್ಕೊಳ್ಳೋ ಹಾಗೆ, ಕೊಡು ಇಲ್ಲಿ ಅಂತ ಕೈ ಚಾಚಿದ್ರು. ಬರೆದ ಕೈ ಅದೇ ಅಲ್ವಾ? ಅದಕ್ಕೇ ಮೊದಲು ಹೊಡೆದೆ.”

ರೇನೆಟ್ ಗೋಡೆಯ ಕಡೆ ತಿರುಗಿಕೊಂಡಳು.

“ನೀನು ಏನು ಬರೆದಿದ್ದೆ, ನೆನಪಿದೆಯಾ?” ಗಾರ್ಲೆಂಡ್ ಕೇಳಿದ.

ಆಲ್ಟನ್‌ಗೆ ನೆನಪಿರಲಿಲ್ಲ. ಬೆಳಿಗ್ಗೆ ಮಡಚುವ ಗಡಿಬಿಡಿಯಲ್ಲೂ ಅವನು ಅದನ್ನು ಓದಿರಲಿಲ್ಲ.

“‘ಗೊತ್ತಿರುವವನು. ತೊಂದರೆ ಇಲ್ಲ.’ ಅಷ್ಟೇ. ನಿನ್ನ ಮೇಲೆ ನನಗೇನು ಸಿಟ್ಟಿಲ್ಲ ಆಲ್ಟನ್. ನೀನು ಏನಾದ್ರೂ ಕೊಟ್ಟಿದ್ರೆ ತಾನೆ ವಾಪಸ್ ತಗೊಳ್ಳೋದು?”

ಸಂಜೆ ೪.೧೦ಕ್ಕೆ ಹೇಳಿಕೆಗೆ ಸಹಿ ಬಿತ್ತು. ಸಾಕ್ಷಿಗಳ ಪಟ್ಟಿಯಲ್ಲಿ ಮಿಲ್ಟ್ ಗ್ರೇಡಿಯ ಕೆಳಗೆ ಆಲ್ಟನ್ ತನ್ನ ಹೆಸರು ಬರೆದು, ಕಡತವನ್ನು ರೇನೆಟ್ ಕಡೆ ತಳ್ಳಿದ.

“ಇನ್ನು ಮುಂದೆ ಇದು ನಿಂದು. ಕ್ಷೌರದಂಗಡಿಯಲ್ಲಿ ನಾನೇನು ಅಂದೆ ಅನ್ನೋದನ್ನೂ ಬರ್ಕೋ, ಒಂದಕ್ಷರ ಬಿಡಬೇಡ.”

“ಕೆಲಸ ಹೋಗುತ್ತೆ ಸಾರ್.”

“ಹೋಗ್ಲಿ.”

ಹೊರಗಿನ ಬೆಂಚಿನಲ್ಲಿ ಐಡೆಲ್ ಕೂತಿದ್ದಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಅವನನ್ನು ನೋಡಿ ಗೋಡೆ ಹಿಡಿದುಕೊಂಡು ಎದ್ದಳು.

“ವರ್ಲೀನ್ ಸಹಿ ವಾಪಸ್ ಕೇಳಿದ್ದು ನನಗೊಬ್ಬಳಿಗೆ ಗೊತ್ತಿತ್ತು. ಅವನಿಗೆ ತಿಳಿಯದ ಹಾಗೆ ಮಾಡ್ತಾರೆ, ಆಲ್ಟನ್ ಅಲ್ಲಿದ್ದಾನೆ, ಭಯಪಡಬೇಡ ಅಂದಿದ್ದಳು. ಅವನಿಗೆ ಹೇಳಿದ್ದು ಯಾರಪ್ಪ?”

“ನಾನೇ ಐಡೆಲಮ್ಮ.”

“ಯಾಕೆ ಹೇಳ್ದೆ?”

ಆಲ್ಟನ್ ಅವಳನ್ನು ತೋಳು ಹಿಡಿದು ಮತ್ತೆ ಬೆಂಚಿನ ಮೇಲೆ ಕೂರಿಸಿದ.

“ತಮಾಷೆಗೆ,” ಎಂದ.