ಎಂಬತ್ತೇಳನೇ ಪುಟ

“ಎಂಬತ್ತಾರಾದ ಮೇಲೆ ಸೀದಾ ಎಂಬತ್ತೊಂಬತ್ತು! ನಡುವಿನ ಹಾಳೆ ಎಲ್ಲಿ ಹೋತ್ರಿ?”

ಬಾಗಲಗುಂಟೆಯ ಜೆರಾಕ್ಸ್ ಅಂಗಡಿಯಲ್ಲಿ ಶೈಲಶ್ರೀ ಪುಸ್ತಕ ಕುಕ್ಕಿದಳು. ಪಿಯು ಕಾಲೇಜಿನ ಕನ್ನಡ ಉಪನ್ಯಾಸಕಿ ಅವಳು. ಸಮಾಧಾನದಲ್ಲಿದ್ದರೆ ಬೆಂಗಳೂರು ಮಾತು. ಸಿಟ್ಟು ಬಂತೋ, ಹುಟ್ಟೂರು ಲಿಂಗಸುಗೂರು ನಾಲಿಗೆ ಮೇಲೆ ಹಾಜರ್!

“ನೀವು ಕೊಟ್ಟ ಪುಸ್ತಕದಲ್ಲೇ ಇರ್ಲಿಲ್ಲ ಮೇಡಂ,” ಎಂದ ಅಂಗಡಿಯ ಅಂಜನ್.

“ಸಾಕ್ಷಿ ಏನೈತ್ರಿ?”

ಅವನು ತಲೆ ತಗ್ಗಿಸಿ ಹಾಳೆಗಳನ್ನು ಮತ್ತೆ ಎಣಿಸತೊಡಗಿದ. ತಪ್ಪು ಒಪ್ಪಿಕೊಂಡ ಹಾಗಾಯಿತು ಎಂದುಕೊಂಡು ಅವಳು ಮೆಟ್ಟಿಲಿಳಿದಳು.

ಅಚ್ಚು ನಿಂತುಹೋದ ಹಳೆಯ ಕಾದಂಬರಿ ಅದು. ತನ್ನ ಒಂದೇ ಪ್ರತಿಯನ್ನು ಕಾಲೇಜಿನ ಮಕ್ಕಳಿಗಾಗಿ ಜೆರಾಕ್ಸ್ ಮಾಡಿಸಿದ್ದಳು. ಕಥೆಯ ಪರಮಾನಂದ ಬಾಯಿಬಿಟ್ಟು ಒಂದು ಮಾತೂ ಆಡುವುದಿಲ್ಲ. ಅವನು ಗೌರಿಯನ್ನು ಪ್ರೀತಿಸಿದ್ದನೇ? ತರಗತಿಯಲ್ಲಿ ಎರಡು ತಂಡಗಳ ನಡುವೆ ಇದೇ ಚರ್ಚೆ. ಶೈಲಶ್ರೀಯದು ಒಂದೇ ನಿಯಮ: ಪುಟ ಹೇಳಿ, ಸಾಲು ಓದಿ, ಆಮೇಲೆ ವಾದ ಮಾಡಿ.

“ಪ್ರೀತಿಸಿದ್ದ ಮೇಡಂ! ಆ ಚಪ್ಪಲಿ ವಿಷ್ಯ ನೀವೇ ಓದಿದ್ರಲ್ಲ!” ಎಂದಿದ್ದಳು ವಿದ್ಯಾರ್ಥಿನಿ ರಾಣಿ.

ಹುಡುಕಿದರೆ ಆ ಪುಟವೇ ಇಲ್ಲ. ಪಾಪ, ರಾಣಿಯ ತಂಡ ಸೋತಿತ್ತು.

ಆಮೇಲೆ ಮೂರು ವಾರ ಶೈಲಶ್ರೀ ರಸ್ತೆಯ ಆಚೆ ಬದಿಯಲ್ಲಿ ನಡೆದಳು. ಕಣ್ಣು ಮಾತ್ರ ಅಂಗಡಿಯತ್ತಲೇ! ವರ್ಷದಿಂದ ಪ್ರಶ್ನೆಪತ್ರಿಕೆ ಹಿಡಿದು ಹೋದಾಗಲೆಲ್ಲ ಅವನು ಕುರ್ಚಿ ಒರೆಸಿ ಕೊಡುತ್ತಿದ್ದ, ಶುಂಠಿ ಟೀ ತರಿಸುತ್ತಿದ್ದ. ‘ಒಂದ್ ಸಾರಿ ಕರೆದು ಮಾತಾಡಿಸಬಾರದಾ...’ ಮನಸ್ಸು ನೋಯುತ್ತಿತ್ತು.

ಶನಿವಾರ ಹಾಜರಿ ಪುಸ್ತಕದ ಹೊದಿಕೆ ಬದಲಿಸುವಾಗ ಹಾಳೆಯೊಂದು ಜಾರಿ ಬಿತ್ತು.

ಎಂಬತ್ತೇಳು!

ಹೊಲಿಗೆ ಬಿಟ್ಟಿದ್ದ ಹಾಳೆಯನ್ನು ಜೆರಾಕ್ಸ್‌ಗೆ ಕೊಡುವ ಮೊದಲೇ ತರಗತಿಯಲ್ಲಿ ಓದಿ, ಕಳೆಯದಿರಲೆಂದು ಅವಳೇ ಅಲ್ಲಿಟ್ಟು ಮರೆತಿದ್ದಳು. ಸಾಕ್ಷಿ, ಸಾಕ್ಷಿ ಎಂದು ಊರಿಗೆಲ್ಲ ಪಾಠ ಹೇಳುವವಳು ಅವನ ಮೇಲೆ ಸಾಕ್ಷಿಯಿಲ್ಲದೆ ತಪ್ಪು ಹೊರಿಸಿದ್ದಳು! ನಾಚಿಕೆಯಿಂದ ಕಣ್ಣು ತುಂಬಿತು.

ಭಾನುವಾರ ಬೆಳಿಗ್ಗೆ ಅಂಗಡಿಗೆ ಬಂದರೆ ಅವನ ತಾಯಿ ಕೂತಿದ್ದರು.

“ಅವ್ನಾ? ಅವೆನ್ಯೂ ರೋಡ್‌ಗೆ ಹೋಗವ್ನೆ ಕಣಮ್ಮ. ಇದ್ ಮೂರ್ನೇ ಭಾನ್ವಾರ. ಯಾವ್ದೋ ಹಳೇ ಪುಸ್ತಕ ಬೇಕಂತೆ!”

ಅಷ್ಟರಲ್ಲಿ ಬೆವರು ಒರೆಸಿಕೊಳ್ಳುತ್ತ ಅಂಜನ್ ಬಂದ. ಕೈಯಲ್ಲಿ ಅದೇ ಕಾದಂಬರಿ.

“ಸಿಕ್ತು ಮೇಡಂ! ಮಕ್ಳಿಗೆ ಇವತ್ತೇ ಜೆರಾಕ್ಸ್...”

ಅವಳು ತನ್ನ ಹಾಳೆ ಮುಂದೆ ಚಾಚಿದಳು.

“ನನ್ನ ಹತ್ರಾನೇ ಇತ್ತು. ತಪ್ಪು ನಂದೇ. ಕ್ಷಮಿಸ್ತೀರಾ?”

ಅವನು ಹಾಳೆ ತೆಗೆದುಕೊಂಡು ಓದಿದ: ‘ಪರಮಾನಂದ ಏನೂ ಹೇಳಲಿಲ್ಲ. ಅವಳ ಹರಿದ ಚಪ್ಪಲಿ ಹೊಲಿಸಿ ತಂದು ಹೊಸಿಲ ಬಳಿ ಇಟ್ಟು ಹೋದ.’

“ಇವ್ನು ಪೆದ್ದ,” ಎಂದು ನಕ್ಕ. ಆಮೇಲೆ ದನಿ ಇಳಿಯಿತು. “ನಾನು ಹೇಳ್ಬಿಡ್ತೀನಿ. ನಂಗೆ ನೀವಂದ್ರೆ ಇಷ್ಟ, ಶೈಲಶ್ರೀ.”

ಮೊದಲ ಸಲ ಹೆಸರು ಹಿಡಿದು ಕರೆದಿದ್ದ! ಅವಳ ಎದೆ ಹಿಗ್ಗಿತು. ಒಳಗೆ ಇಲ್ಲದ ಧೂಳನ್ನು ಅವನ ತಾಯಿ ಒರೆಸತೊಡಗಿದರು.

“ಮುಂದಿನ ಭಾನುವಾರ ಎಲ್ಲಿಗ್ ಹೋಗ್ತೀರಿ?” ಎಂದಳು ಶೈಲಶ್ರೀ.

“ಹುಡ್ಕೋದೇನೂ ಉಳಿದಿಲ್ವಲ್ಲ.”

“ಹಂಗಾರ ನಮ್ಮನಿಗಿ ಬರ್ರಿ. ಅಪ್ಪ ಇರ್ತಾರ.”

ಸಿಟ್ಟಿಲ್ಲದೆಯೂ ಲಿಂಗಸುಗೂರು ಬಂದಿತ್ತು!

“ಅವ್ರು ಏನಾದ್ರೂ ಕೇಳಿದ್ರೆ... ಏನ್ ಹೇಳ್ಲಿ?”

“ಏನೂ ಹೇಳಬ್ಯಾಡ್ರಿ,” ಅವಳು ಹಾಳೆಯನ್ನು ಅವನ ಅಂಗಿಯ ಜೇಬಿನಲ್ಲಿ ಇಟ್ಟಳು. “ಇದನ್ನ ಓದ್ರಿ. ಉಳಿದದ್ದು ನಾ ಹೇಳ್ತೀನಿ.”