ಹಾಲಲ್ಲಿ ತೊಳೆದ ಕೈ

ಪವಿತ್ರಾಗೆ ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು. ಮದುವೆಗೆ ಮುಂಚೆ ನಮ್ಮವ್ವನನ್ನೊಮ್ಮೆ ನೋಡಿಹೋಗಿ ಎಂದು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ಹುಣಸೂರಿಗೆ ಕರೆಸಿಕೊಂಡವನು ಅವಳನ್ನು ಮದುವೆಯಾಗಬೇಕಿದ್ದ ವಸಂತ್. ಹೊಲದಲ್ಲಿ ತಂಬಾಕಿನ ಸಸಿಮಡಿ ಕಂಡು ಅವಳು ಆಸೆಯಿಂದ ಬಗ್ಗಿದರೆ, ಆಳುಗಳ ಮುಂದೆ, ತಾಯಿ ಸುನಂದಮ್ಮನ ಮುಂದೆ, ಅವನೇ ಕೈ ತಡೆದಿದ್ದ.

"ಮುಟ್ಬೇಡಿ ಕಣ್ರೀ. ಲ್ಯಾಬಲ್ಲಿ ವೈರಸ್ ಮುಟ್ಟಿರೋ ಕೈ. ಸಸಿಗೆ ನಂಜು ತಗುಲ್ಬುಟ್ರೆ?"

ಸುನಂದಮ್ಮ ಹಿಂದೆ ಸರಿದು ನಿಂತರು. ಪವಿತ್ರಾಗೆ ಕೆನ್ನೆಗೆ ಹೊಡೆದ ಹಾಗಾಯಿತು. ಅಲ್ಲ, ಮೈಸೂರಿಗೆ ಬಂದಾಗಲೆಲ್ಲ ಅವಳು ಕೆಲಸ ಮಾಡುವ ಲ್ಯಾಬಿನ ಕ್ಯಾಂಟೀನಿನಲ್ಲಿ ಎದುರು ಕೂತು, ರೆಪ್ಪೆ ಮಿಟುಕಿಸದೆ ಅವಳ ಮಾತು ಕೇಳುತ್ತಿದ್ದನಲ್ಲ ಈ ಮಹಾರಾಯ! ಗಿಡದ ಜೀವಕೋಶದೊಳಕ್ಕೆ ಹೊಸ ಜೀನ್ ಸೇರಿಸಲು ಅದನ್ನು ವೈರಸ್ಸಿನ ಬೆನ್ನಿಗೆ ಕಟ್ಟಿ ಕಳಿಸುವವರಿದ್ದಾರೆ, ನಮ್ಮಲ್ಲಿ ವೈರಸ್ಸಿನ ಸಹವಾಸವೇ ಇಲ್ಲ ಎಂದು ಎಷ್ಟು ಸಲ ಹೇಳಿದ್ದಳು!

"ನಾನು ಏನ್ ಕೆಲ್ಸ ಮಾಡ್ತೀನಿ, ಹೇಳಿ ನೋಡೋಣ," ಎಂದಳು.

ವಸಂತ್ ತಲೆ ಕೆರೆದುಕೊಂಡು ಕಳ್ಳನಗೆ ನಕ್ಕ. "ನೀವು ಮಾತಾಡ್ವಾಗ ನಾನು ನಿಮ್ ಕಣ್ಣೇ ನೋಡ್ತಾ ಕೂತಿರ್ತಿದ್ದೆ."

ಬೇರೆ ದಿನವಾಗಿದ್ದರೆ ನಾಚುತ್ತಿದ್ದಳೇನೋ. ಇವತ್ತು ಇನ್ನಷ್ಟು ರೇಗಿತು. ಕಣ್ಣು ಬೇಕು, ಆ ಕಣ್ಣಿಟ್ಟು ಮಾಡಿದ ಕೆಲಸ ಬೇಡವೇ?

"ಬರೀ ಕಣ್ಣಿಗೆ ತಾಳಿ ಕಟ್ಟೋಕಾಗಲ್ಲ. ಈ ಮದ್ವೆ ಬೇಡ," ಎಂದು ಬ್ಯಾಗು ಹೆಗಲಿಗೇರಿಸಿ ರಸ್ತೆಯತ್ತ ಹೊರಟೇಬಿಟ್ಟಳು.

ಅವನು ಓಡಿಬಂದು ಅಡ್ಡ ನಿಂತ. ಮುಖದಲ್ಲಿ ನಗುವಿರಲಿಲ್ಲ. "ತಪ್ಪಾಯ್ತು. ಇನ್ನೊಂದ್ಸಲ ಹೇಳಿ, ಕೇಳ್ತೀನಿ."

ಬದುವಿನ ಮೇಲೆ ನಿಂತು, ಸಿಟ್ಟಿನಲ್ಲೇ ಹೇಳಿದಳು. ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳಿಗೆ ಜೀನ್ ಲೇಪಿಸಿ, ಗ್ಯಾಸಿನ ಒತ್ತಡದಲ್ಲಿ ಎಲೆಯೊಳಕ್ಕೆ ಹೊಡೆಯುವುದು. ಅವನು ನೆಲ ನೋಡುತ್ತ ಕೇಳಿದ, ತಿಳಿಯದ್ದನ್ನು ಮತ್ತೆ ಕೇಳಿದ. ಆಮೇಲೆ ಅವಳನ್ನು ಮಡಿಯ ಹತ್ತಿರ ಕರೆತಂದು, ಅದೇ ಆಳುಗಳ ಮುಂದೆ ಗಟ್ಟಿಯಾಗಿ ಹೇಳಿದ.

"ಅವ್ವಾ, ಇವ್ರ ಕೈಲಿ ವೈರಸ್ಸಿಲ್ಲ. ಚಿನ್ನದಲ್ಲಿ ಕೆಲ್ಸ ಮಾಡೋ ಕೈ. ತಿಳೀದೆ ಮಾತಾಡಿದ್ದು ನಂದೇ ತಪ್ಪು."

ಆಗಲೇ ಅವನ ಜೇಬಿನ ಬೀಡಿಕಟ್ಟು ಪವಿತ್ರಾಳ ಕಣ್ಣಿಗೆ ಬಿತ್ತು. ತಂಬಾಕಿನ ವೈರಸ್ಸು ಬೀಡಿಯ ಪುಡಿಯಲ್ಲೂ ಸಾಯದೆ ಉಳಿದಿರುತ್ತದೆ; ಸಸಿಗೆ ನಂಜು ಅಂಟುವುದು ಬೀಡಿ ಹಿಡಿದ ಕೈಯಿಂದಲೇ. ಅದಕ್ಕೇ ಆಳುಗಳು ಕೈ ತೊಳೆಯಲೆಂದು ಮಡಿಯ ಪಕ್ಕ ಚೊಂಬಿನಲ್ಲಿ, ಆ ನಂಜು ಮುರಿಯುವ ಕೆನೆ ತೆಗೆದ ಹಾಲು ಇಟ್ಟಿದ್ದರು. ಅವಳು ಚೊಂಬು ಎತ್ತಿದಳು.

"ಕೈ ಚಾಚಿ. ನಂಜಿರೋದು ಇಲ್ಲಿ."

ಸುನಂದಮ್ಮ ನಕ್ಕುಬಿಟ್ಟರು. "ಉಯ್ಯವ್ವಾ, ಚೆಂದಾಗಿ ಉಯ್ಯಿ. ನಾನೇಳುದ್ರೆ ಕೇಳಾಕಿಲ್ಲ ಅವ್ನು."

ಬೆರಳ ಸಂದುಗಳಲ್ಲಿ ಹಾಲು ಇಳಿಯಿತು. ಅವನು ಪೆಚ್ಚುಮೋರೆ ಹಾಕಿ, ಈಗ ಸಸಿ ಮುಟ್ಟಬಹುದೇ ಎಂದು ಕೇಳಿದ.

"ಸಸಿ ಆಮೇಲೆ," ಎಂದು ಪವಿತ್ರಾ ಆ ಒದ್ದೆ ಕೈಯನ್ನು ಹಿಡಿದುಕೊಂಡಳು.