ಡೆನ್ವರನ ಮನೆಯಲ್ಲಿ ವಿಭಾಳ ಮೊಟ್ಟೆ

"ನನ್ನ ಮೊಟ್ಟೆ ನಿಮ್ಮ ಮನೆಯಲ್ಲಿ ಇಡ್ಬಹುದಾ?"

ಕೋಳಿಗಳಿಗೆ ಕಾಳು ಹಾಕುತ್ತಿದ್ದ ಡೆನ್ವರನ ಕೈ ಅಲ್ಲೇ ನಿಂತಿತು. ಗೇಟಿನಾಚೆ ಪುರೋಹಿತ ವಿಷ್ಣುಮೂರ್ತಿ ಭಟ್ಟರ ಮಗಳು ವಿಭಾ. ಕೈಯಲ್ಲಿ ಟಿಫಿನ್ ಡಬ್ಬಿ, ಕಣ್ಣಲ್ಲಿ ನೀರು...

ಭಟ್ಟರ ಮನೆ ಹುಡುಗಿಯ ಕೈಯಲ್ಲಿ ಮೊಟ್ಟೆ! ಇನ್ನಂಜೆ ಊರಿನ ಕೋಳಿಗಳೆಲ್ಲ ಆ ಕ್ಷಣ ಉಸಿರು ಬಿಗಿಹಿಡಿದವು. ನಂಬದವರು ಆ ಕೋಳಿಗಳನ್ನೇ ಕೇಳಬಹುದು. ಈಗ ಒಂದೂ ಉಳಿದಿಲ್ಲ, ಅದು ಬೇರೆ ಮಾತು.

ವಿಷಯ ಇಷ್ಟೇ. ಮಣಿಪಾಲದ ಲ್ಯಾಬೊಂದರಲ್ಲಿ ಕೆಲಸ ಮಾಡುವ ವಿಭಾ ಒಂದು ಜೋಡಿ ಲೆಪರ್ಡ್ ಗೆಕೊ ಸಾಕಿದ್ದಳು. ಮೈತುಂಬ ಚಿರತೆಯ ಚುಕ್ಕೆ ಇರುವ ಹಲ್ಲಿ. ಅಮ್ಮ ರಮಾಮಣಿ ಸಹಿಸಿಕೊಂಡಿದ್ದರು. ಗೋಡೆಯ ಮೇಲೆ ಪುಕ್ಕಟೆ ಓಡಾಡುವ ಪ್ರಾಣಿಯನ್ನು ಪೆಟ್ಟಿಗೆಯಲ್ಲಿಟ್ಟು ಸಾಕುವುದು ಅವರ ಪ್ರಕಾರ ಮೂರ್ಖತನ, ಪಾಪವಲ್ಲ.

ಮೊಟ್ಟೆ ಹಲ್ಲಿಯ ಹೊಟ್ಟೆಯೊಳಗೆ ಇದ್ದಷ್ಟು ದಿನ ಆಕ್ಷೇಪ ಇರಲಿಲ್ಲ. ಹೊರಗೆ ಬಂದದ್ದೇ ತಡ, ಈ ಹೊಸ್ತಿಲೊಳಗೆ ಮೊಟ್ಟೆ ಕೂಡದು ಎಂದರು. ಗಡಿಯಾರದ ಹಿಂದೆ ಗೋಡೆಹಲ್ಲಿಯ ಮೊಟ್ಟೆ ವರ್ಷವಿಡೀ ಇರುತ್ತದಲ್ಲ ಎಂದು ನೆನಪಿಸಲು ಹೋದ ಭಟ್ಟರು ಆ ದಿನ ತಣ್ಣಗಿನ ಸಾರು ಉಂಡರು.

ಊರಕೋಳಿಯ ಮರಿ ಮಾಡಿ ಮಾರುವ ಕ್ರೈಸ್ತರ ಹುಡುಗ ಡೆನ್ವರನಿಗೆ ಕಾವು ಕೊಡುವುದೆಂದರೆ ದಿನನಿತ್ಯದ ಕೆಲಸ. ಮಲ್ಪೆಯ ಮೀನಿನ ಥರ್ಮೊಕೋಲ್ ಪೆಟ್ಟಿಗೆ ತೊಳೆದು, ಒದ್ದೆ ತೆಂಗಿನನಾರಿನ ಹುಡಿ ತುಂಬಿ, ಸಣ್ಣ ಬಲ್ಬ್ ಕಟ್ಟಿದ. ಎರಡು ಮೊಟ್ಟೆಗಳು ಒಳಗೆ ಮಲಗಿದವು. ಬಂಗುಡೆಯ ವಾಸನೆಗೆ ಬೀದಿಯ ಬೆಕ್ಕುಗಳೆಲ್ಲ ಬಂದು ಹೊರಗೆ ಮಲಗಿದವು.

ಪ್ರತಿ ಸಂಜೆ ಬಸ್ಸಿಳಿದ ವಿಭಾ ನೇರ ಅಲ್ಲಿಗೆ ಹೋಗುತ್ತಿದ್ದಳು. ಇಬ್ಬರೂ ತಲೆಗೆ ತಲೆ ತಾಗುವಷ್ಟು ಬಗ್ಗಿ ನೋಡುವರು. ನೋಡಲು ಏನೂ ಇರಲಿಲ್ಲ, ಮೊಟ್ಟೆ ಏನನ್ನೂ ಮಾಡುವುದಿಲ್ಲ. ಆದರೂ ಹೊತ್ತು ಸಾಲುತ್ತಿರಲಿಲ್ಲ...

'ಇವನಿಗೆ ನಗುವಾಗ ಒಂದೇ ಕೆನ್ನೆಯಲ್ಲಿ ಗುಳಿ ಯಾಕೆ?' ಎಂದು ಅವಳು ಮೊಟ್ಟೆಯನ್ನೇ ನೋಡುತ್ತಾ ಯೋಚಿಸುವಳು.

ಭಟ್ಟರ ಮಗಳು ದಿನಾ ಡೆನ್ವರನ ಮನೆಗೆ ಮೊಟ್ಟೆಗೆ ಹೋಗುತ್ತಾಳೆ ಎಂದು ಇನ್ನಂಜೆಯಿಂದ ಹೊರಟ ಸುದ್ದಿ ಕಾಪುವಿಗೆ ತಲುಪುವಾಗ ಆಮ್ಲೆಟ್ ಆಗಿತ್ತು. ಉಡುಪಿಯಲ್ಲಿ ಕೋಳಿ ಸುಕ್ಕ ಆಯಿತು. ಕಾರ್ಕಳದಲ್ಲಿ ಅವಳ ಹೆಸರೇ ವೆರೋನಿಕಾ ಆಗಿ, ಜ್ಞಾನಸ್ನಾನದ ಊಟ ಉಂಡು ಬಂದವರೂ ಇಬ್ಬರು ಸಿಕ್ಕಿದರು.

ಅಷ್ಟರಲ್ಲಿ ಅನಾಹುತವಾಯಿತು.

ಒಂದು ರಜೆಯ ದಿನ ಅವಳು ಬೆಳಿಗ್ಗೆಯೇ ಹೋದಳು. ಡೆನ್ವರ್ ಬಹಳ ಪ್ರೀತಿಯಿಂದ ಎರಡೂ ಮೊಟ್ಟೆಗಳನ್ನು ಮಗುಚುತ್ತಿದ್ದ. ಕೋಳಿಮೊಟ್ಟೆಯನ್ನು ದಿನಾ ಮಗುಚದಿದ್ದರೆ ಮರಿ ಕೆಡುತ್ತದೆ. ಹಲ್ಲಿಯ ಮೊಟ್ಟೆಯನ್ನು ಮಗುಚಿದರೆ ಮರಿ ಉಳಿಯುವುದೇ ಕಷ್ಟ. ಮಗುಚಬಾರದೆಂಬುದು ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡು ಅವಳು ಹೇಳಿರಲಿಲ್ಲ. ಮಗುಚಬೇಕೆಂಬುದು ಎಲ್ಲರಿಗೂ ಗೊತ್ತಿರುತ್ತದೆ ಎಂದುಕೊಂಡು ಅವನು ಕೇಳಿರಲಿಲ್ಲ.

"ಕೊಂದುಬಿಟ್ರಿ ನೀವು..."

ಅಷ್ಟೇ ಹೇಳಿ ಹೊರಟುಹೋದಳು. ಡೆನ್ವರ್ ಬಾಯಿ ತೆರೆದ. ಕೂಗಿದ್ದು ಮಾತ್ರ ಹುಂಜ.

ಆಮೇಲೆ ವಿಭಾ ಆ ಗೇಟು ದಾಟಲಿಲ್ಲ. ಶ್ರಾವಣ ಬಂತಲ್ಲ, ಆಮ್ಲೆಟ್ ಬಿಟ್ಟಿರಬೇಕು ಎಂದಿತು ಊರು. ಬಸ್ಸಿಳಿಯುವಾಗ ಅವಳ ಕಾಲು ತಾನಾಗಿ ಆ ಕಡೆ ತಿರುಗುವುದು. ಅವಳು ಅದನ್ನು ಬೈದು ಮನೆಗೆ ಕರೆತರುವಳು.

ಒಂದು ಸಂಜೆ ರಮಾಮಣಿ ಮಗಳನ್ನು ಎದುರು ಕೂರಿಸಿದರು.

"ದೇವರ ಎದುರು ಹೇಳು. ಅಲ್ಲಿ ಮೊಟ್ಟೆ ತಿಂದದ್ದುಂಟಾ?"

"ಇಲ್ಲ ಅಮ್ಮ. ಹಲ್ಲಿಯ ಮೊಟ್ಟೆ ನೋಡ್ಲಿಕ್ಕೆ ಹೋಗ್ತಿದ್ದದ್ದು. ಅದು ಸತ್ತಿತು."

ರಮಾಮಣಿಗೆ ಎಷ್ಟು ಸಮಾಧಾನವಾಯಿತೆಂದರೆ, ಕೂಡಿಟ್ಟಿದ್ದ ಸಿಟ್ಟಿನಲ್ಲಿ ಅರ್ಧ ಆವಿಯಾಗಿಹೋಯಿತು.

"ಸತ್ತ ಮೇಲೆ ಆ ಗೇಟು ಯಾಕೆ ನೋಡ್ತಿ ಮಾರಾಯ್ತಿ?"

ವಿಭಾ ಉತ್ತರ ಹುಡುಕಿದಳು. ಸಿಕ್ಕಿತು... ಸಿಕ್ಕಿದ್ದಕ್ಕೇ ಅಳು ಬಂತು.

"ಹೋಗಿ ಬಾ," ಎಂದರು ರಮಾಮಣಿ, ಮಗಳ ಮುಖ ನೋಡದೆ. "ಬಾಕಿ ಬೈಗುಳ ಬಂದ ಮೇಲೆ."

ವಿಭಾ ಗೇಟು ದಾಟಿ ಹೋದಾಗ ಡೆನ್ವರ್ ಪೆಟ್ಟಿಗೆಯ ಪಕ್ಕ ಕೂತಿದ್ದ. ಒಂದು ಮೊಟ್ಟೆ ಬೂಸ್ಟು ಹಿಡಿದು ಹೋಗಿತ್ತು. ಇನ್ನೊಂದನ್ನು ಅವನು ಆ ದಿನದಿಂದ ಮುಟ್ಟಿರಲಿಲ್ಲ, ಅದರ ಪಕ್ಕ ಒಮ್ಮೆ ಸೀನಿದ್ದೂ ಇಲ್ಲ. ಸೀನು ಬಂದಾಗಲೆಲ್ಲ ಹೆಜಮಾಡಿಯ ದಿಕ್ಕಿಗೆ ಓಡಿದ್ದನಂತೆ.

ಆ ಮೊಟ್ಟೆ ಈಗ ಸೀಳಿತ್ತು. ಸೀಳಿನಿಂದ ಪಟ್ಟೆಪಟ್ಟೆಯ ತಲೆಯೊಂದು ಹೊರಬಂದು, ಇಬ್ಬರನ್ನೂ ನೋಡಿ, ಬಾಯಿ ಬಿಟ್ಟು ಕಿರುಚಿತು.

ವಿಭಾ ನಕ್ಕಳು, ಅತ್ತಳು, ಎರಡನ್ನೂ ಒಟ್ಟಿಗೆ ಮಾಡಿದಳು.

"ನಂಗೆ ಗೊತ್ತಿರ್ಲಿಲ್ಲ ವಿಭಾ," ಎಂದ ಡೆನ್ವರ್.

"ನಾನು ಹೇಳ್ಬೇಕಿತ್ತು."

"ಮರಿ ಬಂತು. ಇನ್ನು ನಿಮಗೆ ಇಲ್ಲಿಗೆ ಬರ್ಲಿಕ್ಕೆ ಕಾರಣ ಇಲ್ಲ, ಅಲ್ವಾ?"

"ಮರಿ ಉಂಟು ಅಂತ ಗೊತ್ತಿದ್ದು ಬಂದದ್ದಾ ನಾನು? ಎರಡೂ ಸತ್ತಿದೆ ಅಂತಲೇ ಬಂದದ್ದು."

"ಮತ್ತೆ ಎಂತಕ್ಕೆ?"

"ನಿಮಗೋಸ್ಕರ ಮಾರಾಯ್ರೆ."

ಅವನ ಒಂದು ಕೆನ್ನೆಯಲ್ಲಿ ಗುಳಿ ಬಿತ್ತು. ಕೂಡಲೇ ಮಾಯವೂ ಆಯಿತು.

"ಮನೆಯಲ್ಲಿ ಎಂತ ಹೇಳ್ತಾರೆ?"

"ಅರ್ಧ ಸಿಟ್ಟು ಇಳಿದಿದೆ. ಇನ್ನರ್ಧದ ಬೈಗುಳ ಬಾಕಿ ಉಂಟು."

ಡೆನ್ವರ್ ಎದ್ದು ಅಂಗಿಯ ಮೇಲಿನ ಕೋಳಿಪುಕ್ಕ ಕೊಡವಿದ.

"ಅದನ್ನು ಕೇಳ್ಲಿಕ್ಕೆ ನಾನೂ ಬರ್ಲಾ?"

ವಿಭಾ ಕೈ ಚಾಚಿದಳು.

"ಬನ್ನಿ."